ಇಳಿಯುವಾಗ 300, ಏರುವಾಗ 30

ಇಂಟರ್‌ನೆಟ್ ಪ್ಲಾನಿನ ಜಾಹೀರಾತಿನಲ್ಲಿ 300 ಎಂಬಿಪಿಎಸ್ (ಸೆಕೆಂಡಿಗೆ ಮೆಗಾಬಿಟ್) ಆಳೆತ್ತರಕ್ಕೆ ನಿಂತಿರುತ್ತದೆ. ಅದರ ಹೆಗಲ ಮೇಲಿನ ಪುಟ್ಟ ನಕ್ಷತ್ರದ ಬೆನ್ನು ಹತ್ತಿ ಷರತ್ತುಗಳ ಕೊನೆಯ ಪುಟ ಮುಟ್ಟಿದರೆ, ‘ಅಪ್‌ಲೋಡ್ 30ರವರೆಗೆ’ ಎಂಬ ಸಾಲು ಮುದುಡಿ ಕೂತಿರುವುದು ಕಾಣುತ್ತದೆ. ಆ ‘ವರೆಗೆ’ಯನ್ನು ಗಮನಿಸಿ. ಸೊನ್ನೆ ಕೊಟ್ಟರೂ ಕಂಪನಿ ಮಾತಿಗೆ ತಪ್ಪಿದಂತಾಗುವುದಿಲ್ಲ.

ಈ ತಾರತಮ್ಯಕ್ಕೆ ಒಂದು ಕಾಲದಲ್ಲಿ ನ್ಯಾಯವಾದ ಕಾರಣವಿತ್ತು, ಸುಳ್ಳು ಹೇಳಬಾರದು. ಫೋನ್ ತಂತಿಯಲ್ಲೇ ಇಂಟರ್‌ನೆಟ್ ಹರಿಸುವ ಎಡಿಎಸ್‌ಎಲ್‌ನ 1999ರ ಮಾನಕವು ಆ ತಾಮ್ರದ ತಂತಿಯಲ್ಲಿ ಅಪ್‌ಲೋಡ್‌ಗೆ ಸುಮಾರು 26ರಿಂದ 138 ಕಿಲೋಹರ್ಟ್ಸ್ ಕೊಟ್ಟು, ಅಲ್ಲಿಂದ 1104ರವರೆಗಿನದನ್ನೆಲ್ಲ ಡೌನ್‌ಲೋಡ್‌ಗೆ ಬರೆದುಕೊಟ್ಟಿತು. ನೂರಾರು ಜೋಡಿ ತಂತಿ ಒಂದೇ ಕಟ್ಟಿನಲ್ಲಿ ಎಕ್ಸ್‌ಚೇಂಜ್ ಸೇರುತ್ತವೆ. ಮನೆಯಿಂದ ಹೊರಟ ಸಿಗ್ನಲ್ ಸೊರಗಿ ಸುಣ್ಣವಾಗಿ ತಲುಪುವ ಜಾಗದಲ್ಲೇ ಎಕ್ಸ್‌ಚೇಂಜಿನ ಟ್ರಾನ್ಸ್‌ಮಿಟರ್‌ಗಳು ಅಬ್ಬರಿಸುತ್ತಿರುತ್ತವೆ. ಇಬ್ಬರಿಗೂ ಒಂದೇ ಆವರ್ತನ ಕೊಟ್ಟರೆ ಆ ಕ್ಷೀಣ ದನಿ ಕೇಳಿಸುವುದಾದರೂ ಹೇಗೆ?

ಟಿವಿ ಕೇಬಲ್‌ನಲ್ಲಿ ಬರುವ ಇಂಟರ್‌ನೆಟ್‌ನ ಕಥೆ ಬೇರೆ. ಉತ್ತರ ಅಮೆರಿಕದ ವಿನ್ಯಾಸದಲ್ಲಿ ಟಿವಿ ಚಾನೆಲ್‌ಗಳು 54 ಮೆಗಾಹರ್ಟ್ಸ್‌ನಿಂದ ಮೇಲೆ ಠಿಕಾಣಿ ಹೂಡಿದ್ದವು. ಅಪ್‌ಲೋಡ್‌ಗೆ ಉಳಿದದ್ದು ಕೆಳಗಿನ 5ರಿಂದ 42. ಸಾಲದ್ದಕ್ಕೆ ಏರುದಾರಿಯಲ್ಲಿ ಎಲ್ಲ ಮನೆಗಳ ಗದ್ದಲವೂ ಒಟ್ಟುಗೂಡುತ್ತದೆ: ಯಾರದೋ ಟಿವಿಯ ಹಿಂದೆ ಒಂದು ಕನೆಕ್ಟರ್ ಸಡಿಲವಾದರೆ ಇಡೀ ಬೀದಿಯ ಅಪ್‌ಲೋಡ್ ಏದುಸಿರು ಬಿಡುತ್ತದೆ.

ಆಮೇಲೆ ಫೈಬರ್ ಬಂತು. ನೆಪಗಳಿಗೆ ಕಷ್ಟಕಾಲ ಶುರುವಾಗಬೇಕಿತ್ತು. ಒಂದೇ ಫೈಬರ್ ಎಳೆಯನ್ನು ಹಲವು ಮನೆಗಳಿಗೆ ಹಂಚುವ ಜಿಪಾನ್ ಮಾನಕದಲ್ಲಿ ಇಳಿಯಲು 2.488 ಗಿಗಾಬಿಟ್, ಏರಲು 1.244. ಪ್ರತಿ ಮನೆಯ ಪೆಟ್ಟಿಗೆಯೂ ತನ್ನ ಸರದಿ ಬಂದಾಗ ಮಾತ್ರ ಲೇಸರ್ ಹೊತ್ತಿಸಿ ಆರಿಸಬೇಕಾದ್ದರಿಂದ ಏರುದಾರಿ ತುಸು ತ್ರಾಸದ್ದೇ, ಒಪ್ಪೋಣ. ಆದರೂ ಅನುಪಾತ 2:1. ಪ್ಲಾನಿನಲ್ಲಿ ಅದು 10:1 ಆಗುವುದು ಬಿಲ್ಲಿಂಗ್ ವಿಭಾಗದ ಭೌತಶಾಸ್ತ್ರದಿಂದ. ಎರಡೂ ಕಡೆ 10 ಗಿಗಾಬಿಟ್ ಕೊಡುವ ಎಕ್ಸ್‌ಜಿಎಸ್-ಪಾನ್ ಮಾನಕ 2016ರಿಂದಲೇ ಇದೆ. ಎಷ್ಟೋ ಕಡೆ ಅದೇ ಎಳೆಯಲ್ಲಿ ‘ಬಿಸಿನೆಸ್’ ಪ್ಲಾನ್ ಕೊಂಡ ಕೂಡಲೇ ವೇಗ ಸರಿಸಮವಾಗುತ್ತದೆ. ಗೃಹಬಳಕೆ, ವಾಣಿಜ್ಯ ಬಳಕೆ ಎಂಬ ಭೇದ ಬೆಳಕಿಗೂ ಗೊತ್ತಿದೆ ಎಂದಾಯಿತು!

ಕೇಳಿದರೆ ‘ಗ್ರಾಹಕರು ಅಪ್‌ಲೋಡ್ ಮಾಡುವುದೇ ಕಡಿಮೆ’ ಎನ್ನುತ್ತಾರೆ. ಕಾಲು ಕಟ್ಟಿಹಾಕಿ, ಇವನಿಗೆ ನಡೆಯುವ ಅಭ್ಯಾಸವೇ ಇಲ್ಲ ಎಂದು ವರದಿ ಬರೆದಂತೆ.

ಈಗ 10 ಜಿಬಿಯ ಒಂದು ವಿಡಿಯೊ ಕಳಿಸಿ ನೋಡಿ. 80,000 ಮೆಗಾಬಿಟ್, 30ರ ವೇಗ, ಹತ್ತಿರ ಹತ್ತಿರ 45 ನಿಮಿಷ. ಅಷ್ಟೂ ಹೊತ್ತು ಡೌನ್‌ಲೋಡ್ ಕೂಡ ಕುಂಟುತ್ತದೆ. ಯಾಕೆಂದರೆ ಬಂದ ಪ್ಯಾಕೆಟ್ಟಿಗೆ (ದತ್ತಾಂಶದ ತುಣುಕಿಗೆ) ರಸೀದಿ ವಾಪಸ್ ಹೋಗಬೇಕು. ಎರಡಕ್ಕೊಂದರಂತೆ ಲೆಕ್ಕ ಹಾಕಿದರೂ 300ರ ವೇಗಕ್ಕೆ ಸೆಕೆಂಡಿಗೆ ಸುಮಾರು 12,500 ರಸೀದಿ. ಅವೆಲ್ಲ ನಿಮ್ಮ ವಿಡಿಯೊದ ಹಿಂದೆ ಮೋಡೆಮ್‌ನ ಬಫರ್‌ ಎಂಬ ಕಾಯುವ ಕೋಣೆಯಲ್ಲಿ ಸಾಲುಗಟ್ಟಿ ನಿಂತಿರುತ್ತವೆ. ಪಿಂಗ್ (ಸಂದೇಶ ಹೋಗಿ ಬರುವ ಹೊತ್ತು) 15 ಮಿಲಿಸೆಕೆಂಡ್‌ನಿಂದ ನೂರಾರಕ್ಕೆ ಜಿಗಿಯುತ್ತದೆ, ವಿಡಿಯೊ ಕಾಲ್‌ನಲ್ಲಿ ಮುಖ ಕಲ್ಲಾಗುತ್ತದೆ.

ಸಹಾಯವಾಣಿಯ ಪರಿಹಾರ ಒಂದೇ: ರೂಟರ್ ರೀಸ್ಟಾರ್ಟ್. ಎತ್ತಿಗೆ ಜ್ವರ, ಎಮ್ಮೆಗೆ ಬರೆ. ತಮಾಷೆಯೆಂದರೆ ಅದು ಫಲಿಸುತ್ತದೆ! ಅಪ್‌ಲೋಡೇ ಕಡಿದುಬಿದ್ದ ಮೇಲೆ ಸಾಲೆಲ್ಲಿಯದು? ದೂರು ‘ಬಗೆಹರಿದಿದೆ’.

ನಿಜವಾದ ಮದ್ದು ರೂಟರ್‌ನ ಎಸ್‌ಕ್ಯೂಎಂ, ಅಂದರೆ ಸಾಲು ಮೋಡೆಮ್‌ನಲ್ಲಿ ಬೆಳೆಯದಂತೆ ರೂಟರ್‌ನಲ್ಲೇ ಹತೋಟಿಯಲ್ಲಿಡುವ ಸೆಟ್ಟಿಂಗ್. ವೈಫೈ ಬಿಟ್ಟು ಲ್ಯಾನ್ ಕೇಬಲ್ ಸಿಕ್ಕಿಸಿ ಅಪ್‌ಲೋಡ್ ಅಳೆಯಿರಿ, ಕ್ಯೂ (ಸಾಲು) ವಿಧಾನಕ್ಕೆ ‘ಕೇಕ್’ (CAKE) ಎಂಬುದನ್ನು ಆರಿಸಿ, ಅಳೆದದ್ದರ ಶೇ. 90ನ್ನು ಕಿಲೋಬಿಟ್‌ನಲ್ಲಿ ತುಂಬಿ. 30 ಸಿಕ್ಕಿದ್ದರೆ 27000. ‘ಕಾಸು ಕೊಟ್ಟಿದ್ದೇನೆ, ಪೂರ್ತಿ 30000 ಹಾಕುತ್ತೇನೆ’ ಎಂದು ಹಟ ಹಿಡಿದರೆ ಸಾಲು ಮತ್ತೆ ಮೋಡೆಮ್‌ನೊಳಗೇ ಬೆಳೆಯುತ್ತದೆ. ಅಂದರೆ ಕಂಪನಿ 270 ಕಡಿಮೆ ಕೊಟ್ಟದ್ದನ್ನು ಸಹಿಸಿಕೊಳ್ಳಲು, ಇನ್ನೂ 3 ಎಂಬಿಪಿಎಸ್ ನೀವಾಗಿಯೇ ಬಿಟ್ಟುಕೊಡಬೇಕು.