ಹೂವಾಡಿಗನ ಪಾಲಿಗೆ ಹೂದಾನಿ

ಲೋಕದ ಎಲ್ಲ ವ್ಯಾಪಾರಕ್ಕೂ ಒಂದು ಮುದಿ ನಿಯಮವಿದೆ: ಮಾರುವವನು ಸರಕು ಕೊಡುತ್ತಾನೆ, ಕೊಳ್ಳುವವನು ಕಾಸು ಕೊಡುತ್ತಾನೆ. ಅಮೆರಿಕದ ಹೂವಿನ ವ್ಯಾಪಾರ ಇದನ್ನೆಲ್ಲ ಎಂದೋ ದಾಟಿ ಮುಂದೆ ಹೋಗಿದೆ. ಇಲ್ಲಿ ಹೂವು ಕಟ್ಟುವವನೇ ಚಂದಾನೂ ಕಟ್ಟುತ್ತಾನೆ, ಕಮಿಷನ್ನೂ ಕಟ್ಟುತ್ತಾನೆ, ಅದರ ಮೇಲೆ ಯಾರೋ ಘೋಷಿಸಿದ ರಿಯಾಯಿತಿಯನ್ನೂ ಹೊರುತ್ತಾನೆ. ಗುಲಾಬಿ ಎರಡೇ ದಿನಕ್ಕೆ ಬಾಡಿತು ಎಂದು ಬೈಗುಳ ಬಂದರೆ ಅದು ಮಾತ್ರ ಪೂರ್ತಿ ಅವನದೇ. ಅದರಲ್ಲಿ ಯಾರೂ ಪಾಲು ಕೇಳುವುದಿಲ್ಲ.

ಶುರುವಾದದ್ದು ಒಳ್ಳೆಯ ಬುದ್ಧಿಯಿಂದಲೇ. 1910ರಲ್ಲಿ ಬೆರಳೆಣಿಕೆಯ ಹೂವಾಡಿಗರು ಸೇರಿ ಒಂದು ಒಪ್ಪಂದ ಮಾಡಿಕೊಂಡರು. ಬಾಸ್ಟನ್ನಿನಲ್ಲಿರುವ ಮಗನಿಗೆ ಶಿಕಾಗೋದ ತಾಯಿಗೆ ಹೂವು ಕಳಿಸುವ ಮನಸ್ಸಾದರೆ ತನ್ನೂರಿನ ಅಂಗಡಿಯಲ್ಲಿ ದುಡ್ಡು ಕೊಟ್ಟರಾಯಿತು. ಆ ಅಂಗಡಿಯವನು ಶಿಕಾಗೋದವನಿಗೆ ತಂತಿ ಹೊಡೆಯುತ್ತಾನೆ, ಅವನು ಗುಚ್ಛ ಕಟ್ಟಿ ತಾಯಿಯ ಬಾಗಿಲಿಗೆ ಮುಟ್ಟಿಸುತ್ತಾನೆ. ಫ್ಲೋರಿಸ್ಟ್ಸ್ ಟೆಲಿಗ್ರಾಫ್ ಡೆಲಿವರಿ, ಚಿಕ್ಕದಾಗಿ ಎಫ್‌ಟಿಡಿ, ಹುಟ್ಟಿದ್ದು ಹೀಗೆ. 1934ರಲ್ಲಿ ಅಂಥದ್ದೇ ಇನ್ನೊಂದು ಸಂಸ್ಥೆ ಟೆಲಿಫ್ಲೋರಾ ಬಂತು. ಎಫ್‌ಟಿಡಿಯ ಗುರುತು ಕಾಲಿಗೆ ರೆಕ್ಕೆ ಕಟ್ಟಿಕೊಂಡು, ಕೈಯಲ್ಲಿ ಹೂವು ಹಿಡಿದು ಓಡುವ ರೋಮನ್ ದೇವರು ಮರ್ಕ್ಯುರಿ. (ಈ ಮರ್ಕ್ಯುರಿ ವ್ಯಾಪಾರಿಗಳಿಗೂ ದೇವರು, ಕಳ್ಳರಿಗೂ ದೇವರು. ಗುರುತು ಆರಿಸಿದವರು ಪುರಾಣವನ್ನು ಅರ್ಧ ಓದಿದ್ದರೋ ಪೂರ್ತಿ ಓದಿಯೇ ಆರಿಸಿದರೋ, ಅವನೇ ಬಲ್ಲ.) ದಶಕಗಟ್ಟಲೆ ಎಫ್‌ಟಿಡಿ ಹೂವಾಡಿಗರದೇ ಸಹಕಾರ ಸಂಘವಾಗಿತ್ತು. 1990ರ ದಶಕದ ನಡುವೆ ಹೂಡಿಕೆದಾರರ ಕೈಸೇರಿತು. ಅಷ್ಟರಲ್ಲಿ ತಂತಿಯ ಕಾಲವೂ ಮುಗಿದಿತ್ತು. ತಂತಿ ಹೋಯಿತು, ತಂತಿಯ ಬಾಡಿಗೆ ಉಳಿಯಿತು.

ಬಾಡಿಗೆಯ ಲೆಕ್ಕ ಸ್ವಾರಸ್ಯವಾಗಿದೆ. ಗಿರಾಕಿ 50 ಡಾಲರಿನ ಗುಚ್ಛಕ್ಕೆ ಆರ್ಡರ್ ಕೊಟ್ಟ ಅಂದುಕೊಳ್ಳಿ. ಮಾಮೂಲಿನಂತೆ ಆರ್ಡರ್ ಹಿಡಿದವನಿಗೆ ನೂರಕ್ಕೆ 20, ಅಂದರೆ 10 ಡಾಲರ್. ನಡುವೆ ಕೂತು ಲೆಕ್ಕ ಚುಕ್ತಾ ಮಾಡುವ ಸಂಸ್ಥೆಗೆ ನೂರಕ್ಕೆ 7, ಅಂದರೆ ಮೂರೂವರೆ ಡಾಲರ್. ಉಳಿದ ಮೂವತ್ತಾರೂವರೆ ಹೂವು ಕಟ್ಟುವವನಿಗೆ. ಅದರಲ್ಲೇ ಹೂವು, ಸೊಪ್ಪು, ಹೂದಾನಿ, ಕೆಲಸದವಳ ಸಂಬಳ, ವ್ಯಾನಿನ ಪೆಟ್ರೋಲು. ಸದಸ್ಯತ್ವದ ತಿಂಗಳ ಚಂದಾ ಬೇರೆ. ಗಿರಾಕಿಯ ಹತ್ತಿರ ಸರ್ವಿಸ್ ಚಾರ್ಜ್ ಅಂತ ಇನ್ನೊಂದಿಷ್ಟು ಕಿತ್ತುಕೊಂಡಿರುತ್ತಾರಲ್ಲ, ಅದೂ ಹೂವಾಡಿಗನಿಗೆ ತಾನೇ ಎಂದು ಕೇಳಬೇಡಿ. ಸರ್ವಿಸ್ ಮಾಡಿದವನಿಗೇ ಸರ್ವಿಸ್ ಚಾರ್ಜ್ ಕೊಡುವಷ್ಟು ಹಿಂದುಳಿದ ದೇಶವಲ್ಲ ಇದು. ಅದು ವೆಬ್‌ಸೈಟಿಗೆ, ಚಿತ್ರ ತೋರಿಸಿ ಬಟನ್ ಒತ್ತಿಸಿದ ಶ್ರಮಕ್ಕೆ.

ಇಷ್ಟು ಸುಲಿದ ಮೇಲೂ ಇನ್ನೊಂದು ಪದರ ಸುಲಿಯಬಹುದು ಎಂದು ಕಂಡುಹಿಡಿದ ಮಹಾನುಭಾವರು ರಿಯಾಯಿತಿ ವ್ಯಾಪಾರಿಗಳು. 2008ರಲ್ಲಿ ಶಿಕಾಗೋದಲ್ಲಿ ಹುಟ್ಟಿದ ಗ್ರೂಪಾನ್ ಈ ವಿದ್ಯೆಯ ಆಚಾರ್ಯ. 40 ಡಾಲರಿನ ಸರಕನ್ನು 20ಕ್ಕೆ ಕೂಪನ್ ಮಾಡಿ ಮಾರುವುದು, ಆ 20ರಲ್ಲೂ ಸಾಮಾನ್ಯವಾಗಿ ಅರ್ಧ ತಾನಿಟ್ಟುಕೊಳ್ಳುವುದು. ಅಂಗಡಿಯವನಿಗೆ 40ರ ಸರಕಿಗೆ 10 ಡಾಲರು. 'ಪ್ರಚಾರ ಸಿಗುತ್ತಲ್ಲ, ಹೊಸ ಗಿರಾಕಿಗಳು ಬರ್ತಾರಲ್ಲ' ಎಂಬ ಸಮಾಧಾನ ಉಚಿತ. ಬರುವ ಗಿರಾಕಿ ಯಾರು? ಕೂಪನ್ ಇದ್ದಾಗ ಬಂದವನು. ಮತ್ತೆ ಯಾವಾಗ ಬರುತ್ತಾನೆ? ಮತ್ತೆ ಕೂಪನ್ ಬಿಟ್ಟಾಗ. ಯಾರದೋ ದುಡ್ಡು, ಯಲ್ಲಮ್ಮನ ಜಾತ್ರೆ.

2011ರ ಫೆಬ್ರವರಿಯಲ್ಲಿ, ವ್ಯಾಲೆಂಟೈನ್ ದಿನಕ್ಕೆ ಸರಿಯಾಗಿ, ಗ್ರೂಪಾನೂ ಎಫ್‌ಟಿಡಿಯೂ ಕೈಜೋಡಿಸಿದವು. ಇದೂ ಶಿಕಾಗೋ ಸೀಮೆ, ಅದೂ ಶಿಕಾಗೋ ಸೀಮೆ, ಜಾತಕ ಕೂಡಿಬಂತು. 20 ಡಾಲರ್ ಕೊಡಿ, 40 ಡಾಲರಿನ ಹೂವು ಕಳಿಸಿ ಎಂದರು. ಪ್ರೇಮಿಗಳು ಮುಗಿಬಿದ್ದರು. ಕೂಪನ್ ಹಿಡಿದು ಕೊಟ್ಟ ಲಿಂಕಿಗೆ ಹೋದರೆ ಅಲ್ಲೊಂದು ಪ್ರತ್ಯೇಕ ಪುಟ. ಎಫ್‌ಟಿಡಿಯ ಮಾಮೂಲಿ ಪುಟದಲ್ಲಿ ಸೇಲ್ ದರಕ್ಕೆ ಸಿಗುತ್ತಿದ್ದ ಅದೇ ಗುಚ್ಛಕ್ಕೆ ಇಲ್ಲಿ ಪೂರ್ತಿ ದರ. ಅಂದರೆ ಕೂಪನ್ ಇಲ್ಲದವನಿಗೆ ಒಂದು ಬೆಲೆ, ದುಡ್ಡು ಕೊಟ್ಟು ಕೂಪನ್ ಕೊಂಡ ಜಾಣನಿಗೆ ಅದಕ್ಕಿಂತ ಹೆಚ್ಚಿನ ಬೆಲೆ, ಆಮೇಲೆ ಅದರಲ್ಲಿ ರಿಯಾಯಿತಿ. ಆಷಾಢದ ಸೇಲಿಗೆ ಮುಂಚೆ ಹಳೇ ಚೀಟಿಯ ಮೇಲೆ ಹೊಸ ಚೀಟಿ ಅಂಟಿಸುವ ವಿದ್ಯೆ ಚಿಕ್ಕಪೇಟೆಯಿಂದ ಯಾವ ಹಡಗು ಹತ್ತಿ ಹೋಗಿತ್ತೋ!

ಪ್ರೀತಿ ಕುರುಡು ಎಂಬ ನಂಬಿಕೆಯ ಮೇಲೆ ಕಟ್ಟಿದ ಯೋಜನೆ ಇದು. ಆದರೆ ಪ್ರೇಮಿಗಳು ಎರಡೂ ಪುಟಗಳನ್ನು ಅಕ್ಕಪಕ್ಕ ತೆರೆದು ಹೋಲಿಸಿಬಿಟ್ಟರು. ಗದ್ದಲವಾಯಿತು. ಸೇಲ್ ದರಕ್ಕೂ ಕೂಪನ್ ನಡೆಯುತ್ತದೆ, ಬೇಡವಾದವರಿಗೆ ಹಣ ವಾಪಸ್ ಎಂದು ಗ್ರೂಪಾನ್ ತೇಪೆ ಹಾಕಬೇಕಾಯಿತು. ಇದಕ್ಕೆ ಕೆಲವೇ ದಿನ ಮುಂಚೆ ಸೂಪರ್ ಬೌಲ್ ಎಂಬ ಅಮೆರಿಕನ್ ಫುಟ್‌ಬಾಲ್ ಪಂದ್ಯದ ನಡುವೆ ಟಿಬೆಟಿನ ಸಂಕಟವನ್ನು ಮೀನಿನ ಸಾರಿನ ರಿಯಾಯಿತಿಗೆ ತಳುಕುಹಾಕಿ ಜಾಹೀರಾತು ಬಿಟ್ಟು ಅದೇ ಕಂಪನಿ ಛೀಮಾರಿ ಹಾಕಿಸಿಕೊಂಡಿತ್ತು. ಟಿಬೆಟನ್ನೇ ಬಿಡದವರು ಗುಲಾಬಿಯನ್ನು ಬಿಟ್ಟಾರೆಯೇ?

ಇದೆಲ್ಲ ನಮ್ಮವರಿಗೆ ಸಂಬಂಧವಿಲ್ಲದ್ದು ಅನ್ನುವಂತಿಲ್ಲ. ಅಮೆರಿಕದ ಕನ್ನಡಿಗನಿಗೆ ಕೂಪನ್ ಅಂದರೆ ಕುಲದೇವರು. ಮೈಸೂರಿನಲ್ಲಿರುವ ಅವನ ಬಳಗಕ್ಕೂ ಈಗ ಅದೇ ದೀಕ್ಷೆಯಾಗಿದೆ. ನಾನಿರುವುದು ನ್ಯೂಜೆರ್ಸಿಯಲ್ಲಿ. ನಮ್ಮ ಮದುವೆಯ ವಾರ್ಷಿಕೋತ್ಸವಕ್ಕೆ ಭಾಮೈದ ಮೈಸೂರಿನಿಂದ ಫೋನ್ ಮಾಡಿದ.

"ಭಾವ, ಅಕ್ಕಂಗೆ ಹೂವು ಕಳಿಸಿದೀನಿ. ಅರ್ಧ ರೇಟು! ಕೋಡ್ ಹಾಕ್ದೆ, ಟಪ್ ಅಂತ ಇಳೀತು."

"ಯಾಕಪ್ಪಾ ಇದೆಲ್ಲ?"

"ಅಯ್ಯೋ ಸುಮ್ನಿರಿ ಭಾವ. ಲಿಲ್ಲಿ, ಗುಲಾಬಿ, ಎಲ್ಲಾ ಇದೆ. ಚಿತ್ರ ಕಳಿಸ್ತೀನಿ ನೋಡಿ."

ಚಿತ್ರ ಬಂತು. ಮಂಟಪಕ್ಕೆ ಸಾಲುವಷ್ಟು ಹೂವು. ಸಂಜೆ ಬಾಗಿಲು ಬಡಿದ ಹುಡುಗ "ಮಿಸ್ ಅಕ್ಕಾ ಇದ್ದಾರಾ?" ಎಂದು ಕೇಳಿದ. ಅವನ ಕೈಯಲ್ಲಿ ಕರಡಿ ಮುಖದ ಪಿಂಗಾಣಿ ಲೋಟ, ಅದರಲ್ಲಿ ಎರಡು ಗುಲಾಬಿ, ಒಂದಿಷ್ಟು ಕಾರ್ನೇಷನ್, ಉಳಿದ ಜಾಗಕ್ಕೆ ಬಿಳಿ ಕಾಳಿನಂಥ ಜಿಪ್ಸೋಫಿಲಾ, ಹಿಂದೆ ಫರ್ನ್ ಸೊಪ್ಪು. ಮಿಸ್ ಅಕ್ಕಾ ಕಾರ್ಡ್ ಓದಿ, "ಇವನು ನಂಗೆ ಹೂ ಕಳ್ಸಿದ್ನೋ ಕಾಫಿ ಲೋಟ ಕಳ್ಸಿದ್ನೋ" ಅಂದಳು.

ಕಾರ್ಡಿನ ಹಿಂದಿದ್ದ ಅಂಗಡಿಯ ಹೆಸರು ನೋಡಿದರೆ ಅದು ನಮ್ಮ ಮನೆಯಿಂದ ಎರಡು ಬೀದಿ ಆಚೆ! ಹೂವು ಮೈಸೂರಿನಿಂದ ಯಾವುದೋ ಊರಿನ ಸರ್ವರಿಗೆ ಹೋಗಿ, ಅಲ್ಲಿಂದ ಎಫ್‌ಟಿಡಿಯಂಥ ಒಂದು ಜಾಲಕ್ಕೆ ಬಿದ್ದು, ದಾರಿಯುದ್ದಕ್ಕೂ ಟೋಲ್ ಕಟ್ಟುತ್ತಾ ಪಕ್ಕದ ಬೀದಿಗೆ ಬಂದಿತ್ತು.

ಮಾರನೆಯ ದಿನ ಅಂಗಡಿಗೆ ಹೋದಾಗ ಅಂಥದ್ದೇ ಇನ್ನೊಂದು ಆರ್ಡರ್ ಪ್ರಿಂಟರಿನಿಂದ ಇಳಿಯುತ್ತಿತ್ತು. ಅಂಗಡಿಯಾಕೆ ಚೀಟಿ ಹರಿದು, ಕನ್ನಡಕ ಮೂಗಿನ ತುದಿಗಿಳಿಸಿ, ಮೊದಲು ವಿಳಾಸ ನೋಡಲಿಲ್ಲ. ಕೆಳಗಿನ ಮೊತ್ತ ನೋಡಿದರು. ಆಮೇಲೆ ಫ್ರಿಜ್ಜಿನ ಗಾಜಿನ ಬಾಗಿಲು ಸರಿಸಿ ಬಕೆಟ್ಟಿನಿಂದ ಮೂರು ಗುಲಾಬಿ ಎತ್ತಿದರು, ಚೀಟಿಯನ್ನು ಇನ್ನೊಮ್ಮೆ ನೋಡಿದರು, ಒಂದನ್ನು ವಾಪಸ್ ಇಟ್ಟರು. ನೀರು ಕುಡಿದ ಹಸಿರು ಸ್ಪಂಜಿನ ತುಂಡನ್ನು ಲೋಟಕ್ಕೆ ಒತ್ತಿ, ಮೊದಲು ಸೊಪ್ಪನ್ನೆಲ್ಲ ಚುಚ್ಚಿದರು. "ಹೂವಿಗಿಂತ ಮುಂಚೆ ಸೊಪ್ಪು ತುಂಬಿಸಬೇಕು, ಆಗ ಹೂವು ಕಮ್ಮಿ ಹಿಡಿಯುತ್ತೆ" ಎಂದರು. ಅಷ್ಟು ಸಣ್ಣ ಮೊತ್ತವಾದರೆ ಆರ್ಡರನ್ನೇ ವಾಪಸ್ ಕಳಿಸಬಾರದೇ ಎಂದೆ. "ಕಳಿಸಬಹುದು. ತಿರಸ್ಕರಿಸ್ತಾ ಹೋದರೆ ಒಳ್ಳೆ ಆರ್ಡರೂ ಬೇರೆಯವರ ಕಡೆ ತಿರುಗುತ್ತೆ ಅಂತ ಭಯ" ಅಂದರು.

ಕರಡಿ ಲೋಟದ ಕಥೆ ಕೇಳಿದೆ. ಜಾಲದವರು ಹಬ್ಬಕ್ಕೊಂದು ಪಾತ್ರೆ ಬಿಡುತ್ತಾರೆ: ಅಮ್ಮಂದಿರ ದಿನಕ್ಕೆ ಟೀಪಾಟು, ಕ್ರಿಸ್‌ಮಸ್ಸಿಗೆ ಹಿಮದ ಗುಡಿಸಲು, ಮಗು ಹುಟ್ಟಿದರೆ ಕರಡಿ. ವೆಬ್‌ಸೈಟಿನ ಚಿತ್ರದಲ್ಲಿ ಅದಿರುವುದರಿಂದ ಅಂಗಡಿಯವರು ಅದನ್ನು ಪೆಟ್ಟಿಗೆಗಟ್ಟಲೆ ಮೊದಲೇ ಕೊಂಡಿಟ್ಟುಕೊಳ್ಳಬೇಕು, ಯಾರಿಂದ ಎಂದರೆ ಜಾಲದವರಿಂದಲೇ. ಆರ್ಡರ್ ಬಂದರೆ ಕಮಿಷನ್, ಬರದಿದ್ದರೆ ಪಾತ್ರೆಯ ಲಾಭ. ನಮಗೆ ಬಂದ ಕರಡಿ ಅಸಲಿಗೆ ಬಾಣಂತಿಯರಿಗೆ ಮೀಸಲಾದದ್ದು. ದಾಸ್ತಾನು ಖಾಲಿ ಮಾಡಲು ನಮ್ಮ ವಾರ್ಷಿಕೋತ್ಸವಕ್ಕೆ ಬಂದಿತ್ತು.

ಇನ್ನು ಊರಿನವರಂತೆ ವೇಷ ಹಾಕುವವರು ಬೇರೆ. ನಮ್ಮೂರ ಹೆಸರಿಟ್ಟುಕೊಂಡು, ನಮ್ಮೂರ ಕೋಡಿನ ಫೋನ್ ನಂಬರು ಹಾಕಿಕೊಂಡು, ಎಲ್ಲೋ ಸಾವಿರ ಮೈಲಿ ಆಚೆಯ ಕಾಲ್ ಸೆಂಟರಿನಲ್ಲಿ ಕೂತು ಆರ್ಡರ್ ಹಿಡಿಯುವವರು. ಅವರ ಹತ್ತಿರ ಒಂದು ಹೂದಳವೂ ಇರುವುದಿಲ್ಲ. ಊರು ಸುಳ್ಳು ಹೇಳಿ ಹೂವು ಮಾರಬಾರದು ಎಂದು ಹಲವು ರಾಜ್ಯಗಳು ಕಾನೂನನ್ನೇ ಮಾಡಬೇಕಾಯಿತು.

ಅತ್ತ ಕಾಸ್ಟ್ಕೊ, ವಾಲ್‌ಮಾರ್ಟ್, ಟ್ರೇಡರ್ ಜೋಸ್‌ನಂಥ ದೊಡ್ಡ ಅಂಗಡಿಗಳ ಬಾಗಿಲಲ್ಲೇ ಹೂವಿನ ಬಕೆಟ್ ಸಾಲು. ಕೊಲಂಬಿಯಾ, ಈಕ್ವೆಡಾರಿನ ಗುಲಾಬಿ ವಿಮಾನದಲ್ಲಿ ಮಯಾಮಿಗೆ ಇಳಿದು ನೇರ ಅಲ್ಲಿಗೆ. ಕಾಸ್ಟ್ಕೊಗೆ ಹೋದವನು 4.99 ಡಾಲರಿನ ಸುಟ್ಟ ಕೋಳಿಯ ಜತೆ ಹೆಂಡತಿಗೆ ಎರಡು ಡಜನ್ ಗುಲಾಬಿಯನ್ನೂ ಗಾಡಿಗೆ ಹಾಕಿಕೊಂಡು ಬರುತ್ತಾನೆ. ಇವರ ಮೇಲೆ ನನಗೆ ದೂರಿಲ್ಲ. ಹೂವು ಅಗ್ಗ, ಮೋಸವಿಲ್ಲ, ಕರಡಿಯೂ ಇಲ್ಲ.

ಹೂವಾಡಿಗರಿಗೆ ಗಟ್ಟಿಯಾಗಿ ಉಳಿದಿರುವ ಆಸರೆಯೆಂದರೆ ಸಾವು. ಊರಿಗೆ ಉಪಕಾರ ಮಾಡಬಾರದು, ಹೆಣಕ್ಕೆ ಶೃಂಗಾರ ಮಾಡಬಾರದು ಎಂದು ನಮ್ಮ ಹಿರಿಯರು ಹೇಳಿದ್ದು ನೆನಪಾಗುತ್ತದೆ. ಇವರು ಎರಡನ್ನೂ ಮಾಡುತ್ತಾರೆ. ಎರಡನೆಯದರಲ್ಲಿ ಮಾತ್ರ ನಾಲ್ಕು ಕಾಸು ಹುಟ್ಟುತ್ತದೆ, ಏಕೆಂದರೆ ಶವಪೆಟ್ಟಿಗೆಯ ಮೇಲೆ ಕರಡಿ ಲೋಟ ಇಡುವ ಧೈರ್ಯ ಇನ್ನೂ ಯಾರಿಗೂ ಬಂದಿಲ್ಲ.

ಎಲ್ಲರಿಂದ ವಸೂಲಿ ಮಾಡಿದ ಎಫ್‌ಟಿಡಿಯಾದರೂ ಉದ್ಧಾರವಾಯಿತೇ? 2014ರಲ್ಲಿ ಅದು 43 ಕೋಟಿ ಡಾಲರಿಗೆ ಪ್ರೋಫ್ಲವರ್ಸ್ ಕೊಳ್ಳಲು ಹೊರಟಿತು. ಪ್ರೋಫ್ಲವರ್ಸ್ ಕಸುಬೇನು? ಊರಿನ ಅಂಗಡಿಯನ್ನು ಬದಿಗಿಟ್ಟು ಹೂವನ್ನು ಡಬ್ಬದಲ್ಲಿ ನೇರ ಮನೆಗೆ ಕಳಿಸುವುದು. ಹೂವಾಡಿಗರ ಚಂದಾದಿಂದ ಬೆಳೆದ ಸಂಸ್ಥೆ ಹೂವಾಡಿಗರೇ ಬೇಡ ಅನ್ನುವ ಕಂಪನಿಯನ್ನು ಒಂದಿಷ್ಟು ಸಾಲವನ್ನೂ ಮಾಡಿ ಕೊಂಡಿತು. 2019ರ ಜೂನಿನಲ್ಲಿ ದಿವಾಳಿ ಅರ್ಜಿ ಹಾಕಿತು. ಅದರ ಬ್ರಿಟನ್ನಿನ ಶಾಖೆ ಇಂಟರ್‌ಫ್ಲೋರಾವನ್ನು ಕೊಂಡವರು ಎದುರಾಳಿ ಟೆಲಿಫ್ಲೋರಾದ ಮಾಲೀಕರು. ಅವರ ಉಳಿದ ವ್ಯಾಪಾರ ಪಿಸ್ತಾ, ದಾಳಿಂಬೆ ರಸ ಮತ್ತು ಫಿಜಿ ದ್ವೀಪದ ಬಾಟಲಿ ನೀರು. ಕಾಲು ಕೆಜಿ ಪಿಸ್ತಾಕ್ಕೆ ಒಂದು ಗುಲಾಬಿ ಫ್ರೀ ಎಂಬ ಯೋಜನೆ ಇನ್ನೂ ಯಾಕೆ ಬಂದಿಲ್ಲವೋ.

ಮೊನ್ನೆ ಅಂಗಡಿಯಾಕೆ ಬಾಗಿಲ ಹೊರಗೆ ಒಂದು ಮೇಜು ಹಾಕಿದ್ದರು. ಮೇಲೆ ಉಳಿದ ಟೀಪಾಟು, ಗುಡಿಸಲು, ಸಾಲು ಸಾಲು ಕರಡಿ. ಒಂದಕ್ಕೆ ಒಂದು ಡಾಲರ್ ಎಂದು ಕೈಬರಹದ ಬೋರ್ಡು. ಫೋಟೋ ತೆಗೆದು ಭಾಮೈದನಿಗೆ ಕಳಿಸಿದೆ. ನಿಮಿಷದಲ್ಲೇ ಉತ್ತರ ಬಂತು: "ಭಾವ, ನನ್ನ ಕೋಡ್ ಅಲ್ಲೂ ನಡೆಯುತ್ತಾ ಕೇಳಿ."