ಡ್ಯೂ ಡೇಟೂ ಪರ್ಯಾಯವೂ

ಡಾಕ್ಟರು ರಿಪೋರ್ಟ್ ನೋಡಿ "ಜನವರಿ 18" ಅಂದಾಗ ಹುಬ್ಬಳ್ಳಿಯವರಾದ ನನ್ನ ಗಂಡ ನಕ್ಕರು. ಅಮ್ಮ ಹಣೆಗೆ ಕೈ ಹಚ್ಚಿದರು. ಉಡುಪಿಯವರಿಗೆ ಬಿಡಿಸಿ ಹೇಳುವುದು ಬೇಡ. 2024ರ ಜನವರಿ 18 ಅಂದರೆ ಪುತ್ತಿಗೆ ಪರ್ಯಾಯ, ಕೃಷ್ಣಮಠದ ಪೂಜೆಯ ಸರದಿ ಪುತ್ತಿಗೆ ಮಠಕ್ಕೆ ಬರುವ ದಿನ. ಎರಡು ವರ್ಷಕ್ಕೊಮ್ಮೆ ಬರುವ ಆ ರಾತ್ರಿ ಮೆರವಣಿಗೆ ನೋಡಲು ಪೇಟೆಯ ರಸ್ತೆಯೆಲ್ಲ ಜನ. ನಮ್ಮ ಮನೆ ಮಲ್ಪೆ ಕಡೆ, ಆಸ್ಪತ್ರೆ ಮಣಿಪಾಲ ಕಡೆ. ನಡುವೆ ಇಡೀ ಉಡುಪಿ.

"ನಿಂಗೆ ಬೇರೆ ದಿನ ಸಿಗಲಿಲ್ವಾ ಮಾರಾಯ್ತಿ?" ಅಂತ ಅಮ್ಮ ನನ್ನನ್ನೇ ಕೇಳಿದರು.

ಕೊಟ್ಟ ತಾರೀಕಿಗೇ ಹುಟ್ಟುವುದು ನೂರಕ್ಕೆ ನಾಲ್ಕೈದು ಮಕ್ಕಳು ಅಂತ ಡಾಕ್ಟರು ಸಮಾಧಾನ ಹೇಳಿದರು. ಆ ನಾಲ್ಕೈದರಲ್ಲಿ ಒಂದು ನಮ್ಮದೇ ಅಂತ ನನ್ನ ಗಂಡ ಅಲ್ಲೇ ತೀರ್ಮಾನಿಸಿಬಿಟ್ಟರು. ಅವತ್ತಿನಿಂದ ಶುರುವಾಯ್ತು ರಸ್ತೆ ಹುಡುಕಾಟ. ಕಲ್ಸಂಕ ಬೇಡ, ಇಂದ್ರಾಳಿ ಬೇಡವೇ ಬೇಡ. ಕರಾವಳಿ ಜಂಕ್ಷನ್‌ನಿಂದ ಹೈವೇ ಹಿಡಿದು ನಿಟ್ಟೂರು, ಅಂಬಾಗಿಲು, ಪೆರಂಪಳ್ಳಿ ಮೇಲೆ ಮಣಿಪಾಲ. ಮೂರು ಸಲ ನನ್ನನ್ನೂ ಕೂರಿಸಿಕೊಂಡು ಟ್ರಯಲ್ ನೋಡಿದರು. ಪ್ರತಿ ಹಂಪ್ ಹತ್ತಿದಾಗಲೂ "ಏನಾದ್ರೂ ಆತೇನು?" ಅಂತ ಒಂದು ಪ್ರಶ್ನೆ. ಆಗಿದ್ದು ಸೊಂಟನೋವು ಮಾತ್ರ.

ಮನೆಯಲ್ಲಿ ಬ್ಯಾಗಿನ ಗಲಾಟೆ ಬೇರೆ. ಹುಟ್ಟುವ ಮೊದಲು ಮಗುವಿಗೆ ಹೊಸ ಬಟ್ಟೆ ತರಬಾರದು ಅಂತ ಅಮ್ಮನ ಕಾನೂನು. ಹಳೇ ಪಂಚೆ ಹರಿದು, ಬಿಸಿನೀರಲ್ಲಿ ಕುದಿಸಿ, ಬಿಸಿಲಿಗೆ ಹಾಕಿ, ಚೌಕ ಚೌಕ ಮಡಚಿ ಇಟ್ಟರು. ಆ ಬಿಸಿಲಲ್ಲಿ ಒಣಗಿದ ಹತ್ತಿಬಟ್ಟೆಯ ವಾಸನೆಗೆ ನನಗೆ ಸುಮ್ನೆ ಅಳು ಬಂತು. ಅಪ್ಪನಿಗೂ ಬಂತು, ಅವರ ಕಾರಣ ಬೇರೆ. ಹರಿದದ್ದು ಅವರು ಸೀಮಂತಕ್ಕೆ ಉಟ್ಟಿದ್ದ ಪಂಚೆ, ಜರಿಯ ಅಂಚು ಇನ್ನೂ ಹೊಳೆಯುತ್ತಿತ್ತು. ಅದರ ಮೇಲೆ ಫ್ಲಾಸ್ಕು, ಬೈರಾಸು, ತಾಯಿ ಕಾರ್ಡು, ಆಧಾರ್, ಗಂಜಿಗೆ ಉಪ್ಪಿನಕಾಯಿ ಬಾಟ್ಲಿ. ಉಪ್ಪಿನಕಾಯಿಯನ್ನು ನಾನು ಎರಡು ಸಲ ತೆಗೆದಿಟ್ಟೆ. ಎರಡು ಸಲವೂ ಅದು ವಾಪಸ್ ಬ್ಯಾಗಿನೊಳಗೆ ಹೋಯಿತು.

17ರ ರಾತ್ರಿ ಹನ್ನೊಂದಕ್ಕೆ ಹೊಟ್ಟೆ ಬಿಗಿಯಾಯ್ತು. ಐದು ನಿಮಿಷಕ್ಕೊಮ್ಮೆ, ಒಂದೊಂದು ನಿಮಿಷ, ಹೀಗೇ ಒಂದು ಗಂಟೆ ನೋವು ಬಂದರೆ ಹೊರಡಿ ಅಂದಿದ್ದರು ಡಾಕ್ಟರು. ನನ್ನ ಗಂಡ ಮೊಬೈಲಲ್ಲಿ ಸ್ಟಾಪ್‌ವಾಚ್ ಹಿಡಿದು ಕೂತರು. ಏಳು ನಿಮಿಷ, ನಾಲ್ಕು, ಹನ್ನೆರಡು, ಐದು... "ಸರಾಸರಿ ಏಳು" ಅಂದರು. ನೋವಿಗೆ ಎಂತ ಸರಾಸರಿ! ಇನ್ನೂ ಹೊತ್ತುಂಟು ಅಂತ ನಾನು ಹೇಳುವಷ್ಟರಲ್ಲಿ ಬ್ಯಾಗು ಕಾರಲ್ಲಿತ್ತು, ಅಮ್ಮನೂ ಕಾರಲ್ಲಿದ್ದರು, ನಾನೊಬ್ಬಳೇ ಚಪ್ಪಲಿ ಹುಡುಕುತ್ತಿದ್ದೆ.

ಪೆರಂಪಳ್ಳಿ ರಸ್ತೆ ಖಾಲಿ. ಟ್ರಯಲ್‌ಗಿಂತ ಬೇಗ ಮುಟ್ಟಿದೆವು. ಡ್ಯೂಟಿ ಡಾಕ್ಟರು ನೋಡಿ, ಮೆಷಿನ್ ಹಚ್ಚಿ ಮಗುವಿನ ಎದೆಬಡಿತ ಕೇಳಿಸಿದರು. ನೀರು ಕುಡಿಸಿ ಕಾರಿಡಾರಲ್ಲಿ ನಡೆಸಿದರು. ಅಷ್ಟೇ, ನೋವು ಮಾಯ. "ಸುಳ್ಳು ನೋವು. ಮನೆಗೆ ಹೋಗಿ, ನಿದ್ದೆ ಮಾಡಿ" ಅಂತ ನರ್ಸಮ್ಮ ನಕ್ಕರು. ನನಗೆ ಪರೀಕ್ಷೆ ಮುಂದೆ ಹೋದಷ್ಟು ಖುಷಿ, ಜೊತೆಗೆ ಸಿಕ್ಕಾಪಟ್ಟೆ ನಾಚಿಕೆ.

ಕಾರು ಹತ್ತಿದ ಮೇಲೆ ಯಾಕೋ ನಾನೇ ಅಂದೆ: "ಇಷ್ಟು ದೂರ ಬಂದಾಯ್ತಲ್ಲ, ಮೆರವಣಿಗೆ ನೋಡಿಯೇ ಹೋಗುವ." ತಿಂಗಳಿಡೀ ಅದನ್ನು ತಪ್ಪಿಸಲು ಒದ್ದಾಡಿದ ಮನುಷ್ಯ ನನ್ನ ಮುಖ ನೋಡಿದರು. ಅಮ್ಮ ಬೈಯುತ್ತಾರೆ ಅಂದುಕೊಂಡಿದ್ದೆ. ಅವರು ಆಗಲೇ ಸೆರಗು ಸರಿಮಾಡಿಕೊಳ್ಳುತ್ತಿದ್ದರು.

ದೂರದಲ್ಲೇ ಕಾರು ನಿಲ್ಲಿಸಿ, ಗುಂಪಿಗೆ ಹೋಗದೆ, ಒಂದು ಅಂಗಡಿಯ ಜಗಲಿ ಹಿಡಿದೆವು. ನನ್ನ ಹೊಟ್ಟೆ ನೋಡಿ ಯಾರೋ ಪ್ಲಾಸ್ಟಿಕ್ ಕುರ್ಚಿ ತಂದುಕೊಟ್ಟರು. ಟ್ಯಾಬ್ಲೋ ಆಯ್ತು, ಚೆಂಡೆಯವರು ಬಂದರು, ಚೆಂಡೆಗೆ ಸರಿಯಾಗಿ ಒಳಗಿನಿಂದಲೂ ಎರಡು ಒದೆ ಬಿತ್ತು. ಅಷ್ಟರಲ್ಲಿ ಹುಬ್ಬಳ್ಳಿಯಿಂದ ಅತ್ತೆಯ ಫೋನು. ಆಸ್ಪತ್ರೆಗೆ ಹೊರಟಿದ್ದನ್ನು ಹೇಳಿದ್ದ ಮಗ, ವಾಪಸ್ ಬಂದದ್ದನ್ನು ಹೇಳಿರಲಿಲ್ಲ.

"ಏನಾತಪಾ? ಗಂಡೋ, ಹೆಣ್ಣೋ?"

"ಇನ್ನೂ ಇಲ್ಲವ್ವಾ," ಅಂತ ಇವರು ಕಿವಿ ಮುಚ್ಚಿಕೊಂಡು ಕೂಗಿದರು. "ಈಗ ಪಲ್ಲಕ್ಕಿ ಬರ್ತದ!"

ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಅತ್ತೆ ಮೆಲ್ಲಗೆ ಕೇಳಿದರು: "ಅಲ್ಲಪಾ, ನಿಮ್ಮ ಕಡೆ ದವಾಖಾನ್ಯಾಗ ಡೊಳ್ಳೂ ಬಾರಸ್ತಾರೇನು?"