ಇದರಲ್ಲಿ ಪಾಂಡವರು ಯಾರು, ಅತ್ತೆ?

ನಿನ್ನೆ ರಾತ್ರಿ ಅಣ್ಣನ ಮಗಳಿಗೆ ಸಮಾಜ ಓದಿಸುತ್ತಾ ಕೂತಿದ್ದೆ. ಟ್ಯೂಷನ್‌ನಲ್ಲಿ ಕೊಟ್ಟ ನೋಟ್ಸು. ಪ್ರಶ್ನೆ: 'ಧರ್ಮಯುದ್ಧ ಎಂದರೇನು?' ಉತ್ತರ: 'ಜೆರುಸಲೇಮ್‌ಗಾಗಿ ಕ್ರೈಸ್ತರಿಗೂ ಮುಸ್ಲಿಮರಿಗೂ ನಡೆದ ಯುದ್ಧಗಳಿಗೆ ಧರ್ಮಯುದ್ಧ ಎನ್ನುತ್ತಾರೆ.' ಎರಡು ಸಲ ಬಾಯಿಪಾಠ ಒಪ್ಪಿಸಿದಳು. ಮೂರನೇ ಸಲ ಅರ್ಧಕ್ಕೇ ನಿಲ್ಲಿಸಿ ಕೇಳಿದಳು: "ಅತ್ತೆ, ಇದರಲ್ಲಿ ಪಾಂಡವರು ಯಾರು?"

ನನಗೆ ನಗು ಬರಲಿಲ್ಲ. ಸಿಟ್ಟು ಬಂತು. ಅವಳ ಪ್ರಶ್ನೆ ನೂರಕ್ಕೆ ನೂರು ಸರಿ ಇತ್ತು. ಆ ಮಗು ಧರ್ಮಯುದ್ಧ ಅನ್ನೋ ಪದವನ್ನು ಅಜ್ಜಿಯ ಬಾಯಲ್ಲಿ ಕೇಳಿ ಬೆಳೆದಿದೆ. ಅಜ್ಜಿ ಹೇಳಿದ ಕಥೆಯಲ್ಲಿ ಅದಕ್ಕೊಂದು ಅರ್ಥ ಇದೆ. ಯುದ್ಧ ಶುರುವಾಗುವ ಮೊದಲು ಎರಡೂ ಕಡೆಯವರು ಕಟ್ಟಳೆ ಮಾಡಿಕೊಂಡರು. ರಥದವನು ರಥದವನ ಜೊತೆ, ಕಾಲಾಳು ಕಾಲಾಳಿನ ಜೊತೆ. ಆಯುಧ ಕಳೆದುಕೊಂಡವನನ್ನು ಹೊಡೆಯಬಾರದು. ಬೆನ್ನು ತಿರುಗಿಸಿದವನನ್ನು ಹೊಡೆಯಬಾರದು. ಭೇರಿ ಬಾರಿಸುವವನನ್ನು, ಶಂಖ ಊದುವವನನ್ನು ಮುಟ್ಟಬಾರದು. ಆಮೇಲೆ ಅಭಿಮನ್ಯುವಿನ ದಿನ ಆ ಕಟ್ಟಳೆ ಮುರಿದರು, ಕರ್ಣನ ರಥದ ಗಾಲಿ ಹೂತ ದಿನವೂ ಮುರಿದರು. ಅದು ತಪ್ಪು ಅಂತ ಇವತ್ತಿಗೂ ಊರ ಕಟ್ಟೆ ಮೇಲೆ ಜಗಳ ಆಡುತ್ತೇವೆ. ಇನ್ನೊಂದು ಮಾತು. ಕುರುಕ್ಷೇತ್ರದಲ್ಲಿ ಎರಡೂ ಕಡೆ ಇದ್ದವರು ದಾಯಾದಿಗಳು, ಒಂದೇ ದೇವರುಗಳಿಗೆ ಕೈಮುಗಿಯುವವರು. ಮತದ ಜಗಳ ಅಲ್ಲಿ ಇರಲೇ ಇಲ್ಲ!

ಈಗ ಆ ನೋಟ್ಸಿನ ಯುದ್ಧಗಳನ್ನು ನೋಡಿ, ಇಂಗ್ಲಿಷಿನಲ್ಲಿ ಕ್ರುಸೇಡ್ ಅನ್ನುವ ಯುದ್ಧಗಳನ್ನು. 1095ರಲ್ಲಿ ಫ್ರಾನ್ಸಿನ ಕ್ಲೇರ್‌ಮಾಂಟ್‌ನಲ್ಲಿ ಪೋಪ್ ಎರಡನೇ ಅರ್ಬನ್ ಯುದ್ಧಕ್ಕೆ ಕರೆ ಕೊಟ್ಟ. ಮರು ವರ್ಷ, ಜೆರುಸಲೇಮ್ ಇನ್ನೂ ಸಾವಿರಾರು ಮೈಲಿ ದೂರ ಇರುವಾಗಲೇ, ರೈನ್ ನದಿಯ ದಡದ ವೋರ್ಮ್ಸ್, ಮೈನ್ಸ್ ಊರುಗಳಲ್ಲಿ ದಂಡು ಕಟ್ಟಿ ಹೊರಟವರು ಯೆಹೂದಿಗಳನ್ನು ಕೊಂದರು. 1099ರ ಜುಲೈನಲ್ಲಿ ಜೆರುಸಲೇಮ್ ಹಿಡಿದಾಗ ಊರಿನೊಳಗಿದ್ದ ಮುಸ್ಲಿಮರು, ಯೆಹೂದಿಗಳ ಕಗ್ಗೊಲೆ ಆಯಿತು. 1191ರಲ್ಲಿ ಕಡಲ ದಡದ ಅಕ್ಕಾ ಎಂಬ ಊರಲ್ಲಿ ಇಂಗ್ಲೆಂಡಿನ ರಾಜ ರಿಚರ್ಡ್ ಕೈಗೆ ಸಿಕ್ಕ ಸೆರೆಯಾಳುಗಳನ್ನು ಸಾಲಾಗಿ ಕೊಲ್ಲಿಸಿದ. ಆಯುಧ ಇಲ್ಲದವರನ್ನು, ಕೈಕಟ್ಟಿ ನಿಂತವರನ್ನು. ಇದಕ್ಕೆ ನಾವು ಕನ್ನಡದಲ್ಲಿ ಧರ್ಮಯುದ್ಧ ಅನ್ನಬೇಕಾ?

'ಕ್ರೈಸ್ತರಿಗೂ ಮುಸ್ಲಿಮರಿಗೂ' ಅನ್ನೋದೂ ಪೂರ್ತಿ ನಿಜ ಅಲ್ಲ. ನಾಲ್ಕನೇ ಸಲ ಹೊರಟ ದಂಡು 1202ರಲ್ಲಿ ಝಾರಾ ಎಂಬ ಕ್ರೈಸ್ತರದೇ ಊರಿಗೆ ಮುತ್ತಿಗೆ ಹಾಕಿತು. 1204ರಲ್ಲಿ ಕಾನ್‌ಸ್ಟಾಂಟಿನೋಪಲ್ ಲೂಟಿ ಮಾಡಿತು, ಅದೂ ಕ್ರೈಸ್ತರದೇ. 1209ರಲ್ಲಿ ದಕ್ಷಿಣ ಫ್ರಾನ್ಸಿನ ಬೆಜಿಯೇ ಊರಲ್ಲಿ ಇನ್ನೊಂದು ದಂಡಿನ ಕೈಯಲ್ಲಿ ಹೆಣ ಬಿದ್ದದ್ದು ಫ್ರಾನ್ಸಿನವರದ್ದೇ. ಇಷ್ಟೂ ಒಂದೇ ಹೆಸರಿನಡಿ ನಡೆದದ್ದು.

ಹೊರಟವರು ಅದಕ್ಕೆ ಏನಂತಿದ್ದರು ಗೊತ್ತಾ? ಯಾತ್ರೆ. ಬಟ್ಟೆ ಮೇಲೆ ಶಿಲುಬೆಯ ಗುರುತು ಹೊಲಿಸಿಕೊಂಡು ಹೊರಡುತ್ತಿದ್ದರು. ಆ ಗುರುತಿನಿಂದಲೇ ಕ್ರುಸೇಡ್ ಅನ್ನೋ ಹೆಸರು ಎಷ್ಟೋ ಆಮೇಲೆ ಬಂತು. ಆ ಕಾಲದ ಅರಬರು ಅವರನ್ನು ಬರೀ 'ಫ್ರಂಜ್' ಅಂದರು, ಫ್ರಾಂಕರು ಅಂತ. ನಮ್ಮ ಪರಂಗಿಯವರು, ಪರಂಗಿ ಹಣ್ಣು, ಫಿರಂಗಿ ಎಲ್ಲ ಅದೇ ಬೇರಿನವು. ಅರಬಿಯಲ್ಲಿ 'ಸಲೀಬ್ ಯುದ್ಧಗಳು' ಅನ್ನೋ ಹೆಸರು ಚಾಲ್ತಿಗೆ ಬಂದದ್ದು 19ನೇ ಶತಮಾನದಲ್ಲಿ. ಸಲೀಬ್ ಅಂದರೆ ಶಿಲುಬೆ. ನಮ್ಮ ಶಿಲುಬೆಯೂ ಆ ಸಲೀಬೂ ಒಂದೇ ಸಿರಿಯಾಕ್ ಪದದ ಮಕ್ಕಳು! ಇದು ಮೊದಲ ಸಲ ಗೊತ್ತಾದ ದಿನ ನನಗೆ ರಾತ್ರಿಯೆಲ್ಲ ಖುಷಿ. ಅಂದರೆ 'ಶಿಲುಬೆ ಯುದ್ಧ' ಅನ್ನೋ ಚೊಕ್ಕ ಹೆಸರು ನಮ್ಮ ಕೈಯಲ್ಲೇ ಇದೆ. ಯಾರನ್ನೂ ಹೊಗಳಲ್ಲ, ಯಾರನ್ನೂ ಬೈಯಲ್ಲ. ಏನಾಯಿತೋ ಅದನ್ನು ಹೇಳುತ್ತದೆ. ಅದನ್ನು ಬಿಟ್ಟು ಧರ್ಮಯುದ್ಧವೇ ಯಾಕೆ ಬೇಕು?

ನೋಟ್ಸಿನ ಮುಂದಿನ ಪುಟದಲ್ಲಿ ಇನ್ನೂ ಇದೆ. 'ಜಿಹಾದ್ ಎಂದರೆ ಧರ್ಮಯುದ್ಧ.' ಹಾಗಾದರೆ 1187ರಲ್ಲಿ ಜೆರುಸಲೇಮ್ ವಾಪಸ್ ಗೆದ್ದ ಮುಸ್ಲಿಂ ಸುಲ್ತಾನ ಸಲಾದಿನ್ ಮಾಡಿದ್ದೂ ಧರ್ಮಯುದ್ಧ, ಅವನ ಮೇಲೆ ಬಂದ ರಿಚರ್ಡ್ ಮಾಡಿದ್ದೂ ಧರ್ಮಯುದ್ಧ. ಮಗು ಏನು ಅರ್ಥ ಮಾಡಿಕೊಳ್ಳಬೇಕು? ಸಲಾದಿನ್ ಊರಲ್ಲಿ ಕಗ್ಗೊಲೆ ಮಾಡಿಸಲಿಲ್ಲ, ನಿಜ. ಹಣ ಕೊಟ್ಟವರನ್ನು ಬಿಟ್ಟ. ಕೊಡಲಾಗದ ಸಾವಿರಾರು ಜನ ಗುಲಾಮರಾದರು. ಇದನ್ನೆಲ್ಲ ಬಿಡಿಸಿ ಹೇಳಬೇಕಾದ ಜಾಗದಲ್ಲಿ ಒಂದೇ ಪದ ಇಟ್ಟು ಮುಚ್ಚಿಬಿಟ್ಟಿದ್ದಾರೆ.

'ಪದದ ಅರ್ಥ ಬದಲಾಗುತ್ತೆ, ಈಗ ಧರ್ಮ ಅಂದರೆ ಮತ ಅಂತಲೇ ಅಲ್ವಾ, ಸುಮ್ನೆ ಯಾಕೆ ಇಷ್ಟು ತಲೆ ಕೆಡಿಸಿಕೊಳ್ಳುತ್ತೀಯ' ಅಂತ ಅಣ್ಣ ಅಂದ. ನಿಮ್ಮಲ್ಲೂ ಕೆಲವರು ಅನ್ನುತ್ತೀರಿ. ನಾನು ಒಪ್ಪಲ್ಲ. ಧರ್ಮಾಸ್ಪತ್ರೆಗೆ ಹೋಗುವವರು ಮತ ಹುಡುಕಿಕೊಂಡು ಹೋಗುತ್ತಾರಾ? 'ನಿಮ್ಮ ಧರ್ಮ, ಬುದ್ಧಿ' ಅಂತ ಕೈಮುಗಿಯುತ್ತಿದ್ದ ಬಡವ ಕೇಳುತ್ತಿದ್ದದ್ದು ಏನನ್ನು? ಧರ್ಮಕ್ಕೆ ದಟ್ಟಿ ಕೊಟ್ಟರೆ ಹಿತ್ತಲಿಗೆ ಹೋಗಿ ಮೊಳ ಹಾಕಿದರು ಅನ್ನೋ ಗಾದೆಯಲ್ಲಿ ಮತ ಎಲ್ಲಿದೆ? ಕನ್ನಡದ ಧರ್ಮದಲ್ಲಿ ದಾನ ಇದೆ, ನ್ಯಾಯ ಇದೆ, ಕರುಣೆ ಇದೆ. ಅಷ್ಟು ದೊಡ್ಡ ಪದವನ್ನು ತೆಗೆದುಕೊಂಡು ಹೋಗಿ ಕೊಲೆಯ ಪಕ್ಕ ಕೂರಿಸಿದರೆ ಕೊಲೆಗೂ ಮರ್ಯಾದೆ ಬರುತ್ತದೆ. ನನ್ನ ಸಂಕಟ ಇಷ್ಟೇ.

ಒಂದು ಮಾತು ಹೇಳಲೇಬೇಕು. ನಾನು ಪಾಠ ಮಾಡುತ್ತಿದ್ದ ವರ್ಷಗಳು ನಿಮಗೆ ಗೊತ್ತು. ಆಗ ನಾನೂ ಬೋರ್ಡ್ ಮೇಲೆ ಧರ್ಮಯುದ್ಧ ಅಂತಲೇ ಬರೆದೆ, ವರ್ಷ ವರ್ಷವೂ. ಒಬ್ಬ ಹುಡುಗ ಎದ್ದು ನಿಂತು "ಮಿಸ್, ಗೆದ್ದವರದ್ದು ಧರ್ಮವಾ?" ಅಂತ ಕೇಳಿದ್ದ. ಪೋರ್ಷನ್ ಮುಗಿಸುವ ಅವಸರದಲ್ಲಿ ಕೂರಿಸಿದೆ. ನಿನ್ನೆಯಿಂದ ಆ ಹುಡುಗನ ಮುಖವೇ ಕಣ್ಣ ಮುಂದೆ ಬರುತ್ತಿದೆ. ಅವನಿಗೆ ಉತ್ತರ ಕೊಡಬೇಕಿತ್ತು.

ಅಣ್ಣನ ಮಗಳಿಗೆ ಎಲ್ಲವನ್ನೂ ಹೇಳಿದೆ. ಹತ್ತೂವರೆ ತನಕ ಕೂತು ಕೇಳಿದಳು. ಪೆನ್ನು ತೆಗೆದು ನೋಟ್ಸಲ್ಲಿ ಧರ್ಮಯುದ್ಧ ಹೊಡೆದುಹಾಕಿ ಶಿಲುಬೆ ಯುದ್ಧ ಅಂತ ಬರೆದಳು. ಆಮೇಲೆ ಕೇಳಿದಳು: "ಪರೀಕ್ಷೆಯಲ್ಲಿ ಹೀಗೇ ಬರೆದರೆ ಮಾರ್ಕ್ಸ್ ಕಟ್ ಮಾಡ್ತಾರಾ?"

ನನ್ನ ಫ್ರೆಂಡ್ ಲಿಸ್ಟಿನಲ್ಲಿ ಪೇಪರ್ ತಿದ್ದುವ ಮೇಷ್ಟ್ರುಗಳು, ಮೇಡಂಗಳು ಜಾಸ್ತಿ ಇದ್ದೀರಿ. ಮಾರ್ಚ್‌ನಲ್ಲಿ ಯಾವುದಾದರೂ ಉತ್ತರ ಪತ್ರಿಕೆಯಲ್ಲಿ 'ಶಿಲುಬೆ ಯುದ್ಧ' ಅಂತ ಕಂಡರೆ ದಯವಿಟ್ಟು ಕೆಂಪು ಗೆರೆ ಎಳೆಯಬೇಡಿ.